ಜೂನ್ ಐದರ ಸಸಿಗೆ ಏಪ್ರಿಲ್ ತಿಂಗಳ ನೀರು

ಜೂನ್ ತಿಂಗಳು ಬಂತೆಂದರೆ ನಮ್ಮ ಶಾಲೆಗಳ ಅಂಗಳದಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಸಾಲಾಗಿ ನಿಂತ ಮಕ್ಕಳು, ಅವರ ಕೈಯಲ್ಲಿ ಘೋಷಣೆ ಬರೆದ ರಟ್ಟು, ಮೊದಲೇ ತೋಡಿಟ್ಟ ಕುಣಿಗಳು, ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ತಂದ ಸಸಿಗಳು, ಹಾರ ತುರಾಯಿಗಳೊಡನೆ ಸ್ವಾಗತಗೊಂಡ ಅತಿಥಿಗಳು. ಒಂದು ಸಸಿಯ ಸುತ್ತ ಹತ್ತು ಕೈಗಳು ಚಾಚಿಕೊಳ್ಳುತ್ತವೆ, ಛಾಯಾಚಿತ್ರ ತೆಗೆಯಲಾಗುತ್ತದೆ, ಮಕ್ಕಳಿಗೆ ಪೆಪ್ಪರಮಿಂಟು ಹಂಚಲಾಗುತ್ತದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆ ಚಿತ್ರ ಪ್ರಕಟವಾಗುತ್ತದೆ. ವಿಶ್ವ ಪರಿಸರ ದಿನಾಚರಣೆ ಅರ್ಥಪೂರ್ಣವಾಗಿ ಜರುಗಿತೆಂದು ಎಲ್ಲರೂ ನೆಮ್ಮದಿಯಿಂದ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ.

ಇದನ್ನು ಹಾಸ್ಯ ಮಾಡುವ ಉದ್ದೇಶ ನಮಗಿಲ್ಲ. ಏಕೆಂದರೆ ಆ ಚಿತ್ರಗಳಲ್ಲಿ ಅನೇಕ ವರ್ಷ ನಾವೂ ನಿಂತಿದ್ದೇವೆ. ಹಿಂದೊಮ್ಮೆ ನಾವು ಆಡಳಿತದ ಹೊಣೆ ಹೊತ್ತಿದ್ದ ಶಾಲೆಯೊಂದರಲ್ಲಿ ಜೂನ್ ಐದರ ಸಿದ್ಧತೆಗೆಂದು ಕುಣಿ ತೋಡಿಸಲು ಹೇಳಿದಾಗ ಅಲ್ಲಿನ ಹಿರಿಯ ಜವಾನರು ತಲೆ ಕೆರೆದುಕೊಂಡು, "ಹೊಸಾ ಕುಣಿ ಯಾಕ್ರಿ ಫಾದರ್? ಹ್ವಾದ ವರ್ಷದ್ದು ಹಂಗ ಅದಾವಲ್ರಿ" ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಕೆಲಸ ಉಳಿಯಿತೆಂಬ ಸಮಾಧಾನವಷ್ಟೇ ಇತ್ತು. ನಾವು ಹೋಗಿ ನೋಡಿದೆವು. ಹಿಂದಿನ ವರ್ಷ ನೆಟ್ಟ ಸಾಲಿನಲ್ಲಿ ಒಣಗಿದ ಕಡ್ಡಿಗಳು, ಅವುಗಳಿಗೆ ಆಸರೆಯಾಗಿ ಕಟ್ಟಿದ ಬಿದಿರು, ಮತ್ತು ಖಾಲಿ ಕುಣಿಗಳು. ಬಾವಿಯ ಪಕ್ಕದ ಒಂದೆರಡು ಬೇವಿನ ಸಸಿಗಳು ಮಾತ್ರ, ಯಾರ ಆರೈಕೆಯೂ ಇಲ್ಲದೆ, ತಮ್ಮಷ್ಟಕ್ಕೆ ಬದುಕಿದ್ದವು.

ತಪ್ಪು ಯಾರದು? ಸಸಿಗಳು ಮಳೆಗಾಲದಲ್ಲಿ ಸಾಯಲಿಲ್ಲ. ಹಾವೇರಿ ಸೀಮೆ ಮಲೆನಾಡಿನ ಸೆರಗಿಗೂ ಬಯಲುನಾಡಿಗೂ ನಡುವಿನ ನೆಲ. ಜೂನ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ ಬೀಳುವ ಮಳೆ ಸಸಿಯನ್ನು ತಾನೇ ಸಾಕುತ್ತದೆ. ಪರೀಕ್ಷೆ ಬರುವುದು ಅನಂತರ. ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗೆ ಬೀಗ ಬೀಳುತ್ತದೆ. ಮಕ್ಕಳು ಅಜ್ಜಿಯ ಊರಿಗೆ, ಶಿಕ್ಷಕರು ತಮ್ಮ ಊರಿಗೆ, ಸಿಸ್ಟರುಗಳು ಧ್ಯಾನಕೂಟಕ್ಕೆ ಹೋಗುತ್ತಾರೆ. ಸುಮಾರು ಏಳು ವಾರ ಆ ಸಸಿಗೆ ಒಂದು ತಂಬಿಗೆ ನೀರೆರೆಯುವವರು ಇರುವುದಿಲ್ಲ. ಈ ಸರಳ ಲೆಕ್ಕವನ್ನು ತತ್ತ್ವಶಾಸ್ತ್ರ ಓದಿದ ನಾವಾಗಲಿ, ವಿಜ್ಞಾನ ಕಲಿಸುವ ಗುರುಗಳಾಗಲಿ ಮಾಡಿರಲಿಲ್ಲ. ಮಕ್ಕಳಿಗೆ ನಾವು ಆ ವರ್ಷ ನಿಜವಾಗಿ ಕಲಿಸಿದ ಪಾಠವೇನು? ಗಿಡ ನೆಡುವುದು ಮುಖ್ಯ, ಅದು ಬದುಕುವುದು ಮುಖ್ಯವಲ್ಲ ಎಂಬುದೇ ಅಲ್ಲವೇ?

ಕಾಯಿದೆಯ ದೃಷ್ಟಿಯಿಂದ ನೋಡಿದರೆ ಕೊರತೆಯೇನೂ ಇಲ್ಲ. 1991ರಲ್ಲಿಯೇ ನಮ್ಮ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಬೋಧಿಸತಕ್ಕದ್ದೆಂದು ಆದೇಶಿಸಿತು. ಪ್ರಾಥಮಿಕ ತರಗತಿಗಳಿಗೆ ಪರಿಸರ ಅಧ್ಯಯನವೆಂಬ ಪಠ್ಯವಿದೆ, ಶಾಲೆಗಳಲ್ಲಿ ಇಕೋ ಕ್ಲಬ್ಬುಗಳಿವೆ, ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನವಿದೆ. ಪುಸ್ತಕವಿದೆ, ಯೋಜನೆಯಿದೆ, ಅಂಕಗಳೂ ಇವೆ. ಆದರೆ ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ಹೇಳುವಂತೆ ಸದ್ಗುಣವು ಉಪದೇಶದಿಂದ ಬರುವುದಲ್ಲ, ರೂಢಿಯಿಂದ ಬರುವುದು. ವೀಣೆ ನುಡಿಸುತ್ತ ನುಡಿಸುತ್ತ ವೈಣಿಕನಾಗುವಂತೆ ನ್ಯಾಯವಾಗಿ ನಡೆಯುತ್ತ ನಡೆಯುತ್ತ ಮನುಷ್ಯ ನ್ಯಾಯವಂತನಾಗುತ್ತಾನೆ. ಸಂತ ತೋಮಸ್ ಅಕ್ವಿನಾಸರ ಪರಂಪರೆಯಾದರೋ, ಮೊದಲು ಇಂದ್ರಿಯಗಳ ಬಾಗಿಲಲ್ಲಿ ಹಾಯ್ದು ಬಾರದ ಯಾವುದೂ ಬುದ್ಧಿಯಲ್ಲಿ ನೆಲೆಗೊಳ್ಳುವುದಿಲ್ಲವೆಂದು ಬೋಧಿಸಿತು. ಗುರುಮಠದಲ್ಲಿ ಇದನ್ನು ನಾವು ಲತೀನ್ ಭಾಷೆಯಲ್ಲಿ ಕಂಠಪಾಠ ಮಾಡಿದ್ದೆವು. ಅದರ ಅರ್ಥ ನಮಗೆ ತಿಳಿದದ್ದು ಆ ಖಾಲಿ ಕುಣಿಗಳ ಮುಂದೆ.

ಇನ್ನು ಎರಡನೆಯ ಪ್ರಶ್ನೆ. ಸಸಿ ಬದುಕಿತೆನ್ನೋಣ; ಅದು ಯಾವ ಸಸಿ?

ಈ ಪ್ರಶ್ನೆಯನ್ನು ನಮ್ಮ ನಾಡಿನ ರೈತರು ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೇಳಿದ್ದರೆಂಬುದನ್ನು ನಮ್ಮ ಮಕ್ಕಳು ಅರಿಯರು. 1984ರಲ್ಲಿ ರಾಜ್ಯ ಸರ್ಕಾರವೂ ತುಂಗಭದ್ರೆಯ ದಡದ ಕುಮಾರಪಟ್ಟಣದ ನಾರಿನ ಕಾರ್ಖಾನೆಯೂ ಕೂಡಿ ಒಂದು ಜಂಟಿ ಸಂಸ್ಥೆಯನ್ನು ಸ್ಥಾಪಿಸಿದವು. ಸುಮಾರು 30 ಸಾವಿರ ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ಮುಂತಾದ ಮರಗಳನ್ನು ಬೆಳೆಸುವುದು ಅದರ ಉದ್ದೇಶ. ಸರ್ಕಾರದ ಕಾಗದದಲ್ಲಿ ಆ ಭೂಮಿ ಬರಡು. ಹಳ್ಳಿಗರಿಗೆ ಅದು ಗೋಮಾಳ. ದನಕರುಗಳ ಮೇವು, ಒಲೆಯ ಸೌದೆ, ಬಡವರ ಹಣ್ಣುಹಂಪಲು ಎಲ್ಲವೂ ಅಲ್ಲಿಂದಲೇ ಬರಬೇಕಿತ್ತು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮತ್ತು ಸಂಗಡಿಗರು ಹಳ್ಳಿ ಹಳ್ಳಿ ತಿರುಗಿ ಜನರನ್ನು ಸಂಘಟಿಸಿದರು, ಡಾ. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಅರ್ಜಿದಾರರಲ್ಲಿ ಒಬ್ಬರಾದರು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ, 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಅಹಿಂಸೆಯ ಪ್ರತಿಜ್ಞೆ ಕೈಗೊಂಡ ಜನರು ವಾದ್ಯ ಬಾರಿಸುತ್ತ ಮೆರವಣಿಗೆಯಲ್ಲಿ ಹೋಗಿ ನೀಲಗಿರಿಯ ನೂರರಷ್ಟು ಸಸಿಗಳನ್ನು ಕಿತ್ತರು, ಮತ್ತು ಹಣ್ಣು, ಮೇವು ಕೊಡುವ ಗಿಡಗಳನ್ನು ಹಚ್ಚಿದರು. 1991ರಲ್ಲಿ ಸರ್ಕಾರ ಆ ಜಂಟಿ ಸಂಸ್ಥೆಯನ್ನು ಮುಚ್ಚಲು ನಿರ್ಧರಿಸಿತು.

ಈ ಘಟನೆಯಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವ ಅಂಶ ಎರಡು. ಒಂದು, ಆ ದಿನ ಮಕ್ಕಳ ದಿನಾಚರಣೆ. ನಮ್ಮ ಶಾಲೆಗಳಲ್ಲಿ ನವೆಂಬರ್ 14ರಂದು ಛದ್ಮವೇಷ ಸ್ಪರ್ಧೆ ನಡೆಯುತ್ತದೆ, ನೆಹರೂ ಅವರ ಕೋಟಿಗೆ ಗುಲಾಬಿ ಸಿಕ್ಕಿಸುತ್ತೇವೆ. ಅದೇ ದಿನಾಂಕದಂದು ನಮ್ಮದೇ ಜಿಲ್ಲೆಯ ನೆಲದಲ್ಲಿ ನಡೆದುದನ್ನು ಹೇಳುವುದಿಲ್ಲ. ಇನ್ನೊಂದು, ಆ ಜನರು ಚದುರುವ ಮುನ್ನ ತಾವು ಹಚ್ಚಿದ ಸಸಿಗಳಿಗೆ ನೀರೆರೆದು ಕಾಯುವೆವೆಂದು ಮಾತು ಕೊಟ್ಟರು. ಅಕ್ಷರ ಬಾರದ ಎಷ್ಟೋ ರೈತರು ಅಲ್ಲಿದ್ದಿರಬೇಕು. ಏಪ್ರಿಲ್ ತಿಂಗಳ ಲೆಕ್ಕ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ರಾಣೇಬೆನ್ನೂರಿನ ಮಕ್ಕಳಿಗೆ ಇದಕ್ಕಿಂತಲೂ ಸೂಕ್ಷ್ಮವಾದ ಪಾಠವೊಂದು ಮನೆಬಾಗಿಲಲ್ಲೇ ಇದೆ. 1974ರಲ್ಲಿ ಘೋಷಿತವಾದ ಕೃಷ್ಣಮೃಗ ಅಭಯಾರಣ್ಯವು 119 ಚದರ ಕಿಲೋಮೀಟರ್ ವಿಸ್ತಾರದ್ದು. ಅಭಯಾರಣ್ಯವೆಂದೊಡನೆ ಮಕ್ಕಳು ದಟ್ಟ ಕಾಡನ್ನು ಊಹಿಸುತ್ತಾರೆ. ಆದರೆ ಕೃಷ್ಣಮೃಗ, ನಮ್ಮ ಕಡೆಯ ಮಾತಿನಲ್ಲಿ ಚಿಗರಿ, ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ದೂರದವರೆಗೆ ಕಣ್ಣು ಹಾಯುವ ಹುಲ್ಲುಗಾವಲು ಅದಕ್ಕೆ ಬೇಕು. ಶತ್ರುವನ್ನು ಕಂಡು ಓಡಿ ಪಾರಾಗುವುದೇ ಅದಕ್ಕಿರುವ ರಕ್ಷಣೆ. ಈ ಬಯಲನ್ನು ಬರಡೆಂದು ತಿಳಿದು ದಶಕಗಳ ಹಿಂದೆ ಬಹುಭಾಗದಲ್ಲಿ ನೀಲಗಿರಿ ಬೆಳೆಸಲಾಯಿತು. ಹಿಂದೆ ಇಲ್ಲಿ ಕಾಣಿಸಿಕೊಳ್ಳುತ್ತಿದ್ದ ಎರೆಭೂತವೆಂಬ ದೊಡ್ಡ ಹಕ್ಕಿ ಇಂದು ಇಲ್ಲಿಲ್ಲ. ಹುಲ್ಲುಗಾವಲನ್ನೇ ನೆಚ್ಚಿದ ಆ ಹಕ್ಕಿ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಮರ ನೆಡುವುದೆಲ್ಲವೂ ಪುಣ್ಯವೆಂಬ ನಮ್ಮ ಶಾಲೆಯ ಸುಲಭ ಸೂತ್ರ ಇಲ್ಲಿ ಮುಗ್ಗರಿಸುತ್ತದೆ. ದೇವರು ಒಂದೇ ಬಗೆಯ ಸೃಷ್ಟಿಯಿಂದ ತೃಪ್ತರಾಗದೆ ಬಗೆಬಗೆಯ ಜೀವಿಗಳನ್ನು ಉಂಟುಮಾಡಿದ್ದು ತಮ್ಮ ಒಳಿತನ್ನು ಒಂದೇ ಜೀವಿ ಪೂರ್ಣವಾಗಿ ಬಿಂಬಿಸಲಾರದೆಂದು ಎಂಬುದು ಅಕ್ವಿನಾಸರ ವಿಚಾರ. ಹಾಗಾದರೆ ಹುಲ್ಲಿಗೂ ಅದರ ಪಾಲಿನ ಗೌರವ ಸಲ್ಲಬೇಕಲ್ಲವೇ? ಶಾಲೆಯ ಭಿತ್ತಿಪತ್ರಗಳಲ್ಲಿ ಹುಲ್ಲಿನ ಚಿತ್ರವನ್ನು ನಾವಂತೂ ಕಂಡಿಲ್ಲ.

ಒಮ್ಮೆ ಧರ್ಮೋಪದೇಶದ ತರಗತಿಯಲ್ಲಿ ಸೃಷ್ಟಿಯ ಕುರಿತು ಹೇಳುತ್ತ ಚಿಗರಿಯ ಚಿತ್ರಕ್ಕೆ ಬಣ್ಣ ತುಂಬಲು ಮಕ್ಕಳಿಗೆ ಕೊಟ್ಟಿದ್ದೆವು. ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಹಾಳೆಯನ್ನು ಹಾಗೆಯೇ ಮರಳಿಸಿದ. ಏಕೆಂದು ಕೇಳಿದಾಗ, "ಚಿಗರಿ ನಮ್ಮ ಗೋವಿನಜೋಳ ತಿಂದು ಹೊಕ್ಕಾವ್ರಿ ಫಾದರ್. ನಮ್ಮಪ್ಪ ರಾತ್ರಿ ಎಲ್ಲಾ ಹೊಲದಾಗ ಕುಂದರ್ತಾನ್ರಿ" ಎಂದ. ತರಗತಿ ಮೌನವಾಯಿತು. ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ.

ಆ ಹುಡುಗನನ್ನು ನಾವು ಮರೆತಿಲ್ಲ. ಪಟ್ಟಣದ ಮಗುವಿಗೆ ಚಿಗರಿ ಒಂದು ಚೆಲುವಾದ ಚಿತ್ರ. ಅವನಿಗೆ ಅದು ತಂದೆಯ ನಿದ್ದೆಗೆಟ್ಟ ರಾತ್ರಿ. ಪ್ರಾಣಿದಯೆಯ ಪಾಠವನ್ನು ಅವನ ಮುಂದೆ ಓದಿ ಹೇಳಿ ಮುಗಿಸುವ ಶಾಲೆ ಅವನಿಗೆ ಪರೋಕ್ಷವಾಗಿ, ನಿನ್ನ ಮನೆಯ ಕಷ್ಟ ಪಠ್ಯದಲ್ಲಿಲ್ಲ ಎಂದು ತಿಳಿಸಿದಂತೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ಮೇ 24ರಂದು ಸಹಿ ಮಾಡಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಬೇರೆ ಬೇರೆಯಾಗಿ ಆಲಿಸಲಾಗದೆಂದು ಬೋಧಿಸಿದರು. ರಾಣೇಬೆನ್ನೂರಿನ ತರಗತಿಯಲ್ಲಿ ಇದರ ಅರ್ಥ ತೀರಾ ನಿರ್ದಿಷ್ಟ. ಬೆಳೆಹಾನಿಗೆ ಅರಣ್ಯ ಇಲಾಖೆ ಪರಿಹಾರ ನೀಡುತ್ತದೆ. ಅದಕ್ಕೆ ಅರ್ಜಿ ಬರೆಯುವುದು ಹೇಗೆ, ಯಾವ ಕಾಗದ ಲಗತ್ತಿಸಬೇಕು ಎಂಬುದನ್ನು ಎಂಟನೆಯ ತರಗತಿಯ ಮಕ್ಕಳಿಗೆ ಕನ್ನಡ ಪತ್ರಲೇಖನದ ಪಾಠದಲ್ಲಿಯೇ ಕಲಿಸಬಹುದು. ಪ್ರವಾಸಕ್ಕೆ ಹೊರಡಲು ಅನುಮತಿ ಕೋರಿ ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರಕ್ಕಿಂತ ಅದು ಹೆಚ್ಚು ಪ್ರಯೋಜನಕರ. ಹೊಲದ ಮಗುವೂ ಪಟ್ಟಣದ ಮಗುವೂ ಜೊತೆಯಾಗಿ ಅದನ್ನು ಬರೆದರೆ ಚಿಗರಿಯ ಬಗೆಗಿನ ಮಾತುಕತೆ ಬೇರೆಯೇ ಆಗುತ್ತದೆ.

ಬ್ಯಾಡಗಿಯ ವಿಷಯಕ್ಕೆ ಬರೋಣ. ಮಾರುಕಟ್ಟೆಯ ಹಂಗಾಮಿನಲ್ಲಿ ಆ ಊರಿನ ಗಾಳಿಯೇ ಕೆಂಪಾಗಿರುತ್ತದೆ. ಬಲಿಪೂಜೆಯ ನಡುವೆ ಯಾರಾದರೂ ಸೀನಿದರೆ ನಾವು ನೆಗಡಿಯೆಂದು ಭಾವಿಸುವುದಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣದಿಂದ ಬ್ಯಾಡಗಿ ಮೆಣಸಿನಕಾಯಿ ಪ್ರಸಿದ್ಧವಾಯಿತು. ಅದರಿಂದ ತೆಗೆದ ಬಣ್ಣದ ರಸ ಆಹಾರಕ್ಕೂ ಸೌಂದರ್ಯ ಸಾಧನಗಳಿಗೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಕಡ್ಡಿ, ಡಬ್ಬಿ ಎಂಬ ನಾಟಿ ತಳಿಗಳನ್ನು ಮನೆಯ ಬೀಜದಿಂದ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ; ಮುಟುರು ರೋಗದ ಕಾಟ ಒಂದೆಡೆ, ಹೆಚ್ಚು ಇಳುವರಿ ಕೊಡುವ ಸಂಕರಣ ತಳಿಗಳ ಆಕರ್ಷಣೆ ಇನ್ನೊಂದೆಡೆ. ರೈತನನ್ನು ಇದಕ್ಕಾಗಿ ದೂರುವುದು ಸಲ್ಲದು. ಆದರೂ ಶಾಲೆಯೊಂದು ತನ್ನ ಅಂಗಳದಲ್ಲಿ ಎರಡು ಮಡಿ ನಾಟಿ ಮೆಣಸಿನ ಗಿಡ ಬೆಳೆದು, ಒಳ್ಳೆಯ ಕಾಯಿ ಆರಿಸಿ, ಒಣಗಿಸಿ, ಬೀಜ ತೆಗೆದು ಮುಂದಿನ ತರಗತಿಗೆ ದಾಟಿಸಿದರೆ ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಬೀಜ ಆರಿಸುವ ವಿದ್ಯೆ ನಮ್ಮ ಅಜ್ಜಿಯರ ಬೆರಳುಗಳಲ್ಲಿತ್ತು. ಅಂತಹ ಅಜ್ಜಿಯೊಬ್ಬರನ್ನು ಶಾಲೆಗೆ ಕರೆದು ಕುರ್ಚಿ ಹಾಕಿ ಕೂರಿಸಿ ಪಾಠ ಹೇಳಿಸುವುದು ಅತಿಥಿಗಳನ್ನು ಕರೆಸುವುದಕ್ಕಿಂತ ಸುಲಭ. ಹಾರ ತುರಾಯಿಯೂ ಬೇಕಿಲ್ಲ.

ಹಾವೇರಿಯಲ್ಲಿ ಹೆಗ್ಗೇರಿ ಕೆರೆಯಿದೆ. ಬಂಕಾಪುರದ ಕೋಟೆಯೊಳಗೆ 2006ರಲ್ಲಿ ಘೋಷಿಸಲಾದ ನವಿಲುಧಾಮವಿದೆ. ಗಳಗನಾಥದಲ್ಲಿ ವರದೆಯು ತುಂಗಭದ್ರೆಯನ್ನು ಸೇರುತ್ತಾಳೆ. ನಮ್ಮ ಶಾಲೆಗಳ ಪ್ರವಾಸದ ಬಸ್ಸು ಮಾತ್ರ ಇವೆಲ್ಲವನ್ನೂ ದಾಟಿ ಮೈಸೂರಿಗೇ ಹೋಗುತ್ತದೆ.

ಈಗ ನಮ್ಮ ಕುಟುಂಬಗಳಿಗೆ ಸಂಬಂಧಿಸಿದ ಮಾತು. ಮಕ್ಕಳು ನೀರು ಹೊರುವುದನ್ನು, ಮಣ್ಣು ಮುಟ್ಟುವುದನ್ನು ಕಂಡು ತಾಯಿಯೊಬ್ಬರು ನಮ್ಮಲ್ಲಿಗೆ ಬಂದು, "ಫೀ ತುಂಬಿ ಕಳಸೂದು ಕೂಲಿ ಕೆಲಸಕ್ಕ ಏನ್ರಿ ಫಾದರ್?" ಎಂದು ಕೇಳಿದ್ದುಂಟು. ಈ ಪ್ರಶ್ನೆಯನ್ನು ಅಹಂಕಾರವೆಂದು ತಳ್ಳಿಹಾಕಲಾಗದು. ತಾವು ಹೊಲದಲ್ಲಿ ಬೆವರು ಸುರಿಸಿದ್ದು ಸಾಕು, ಮಗು ಪೆನ್ನು ಹಿಡಿಯಲಿ ಎಂಬ ಆಸೆ ಆ ಮಾತಿನ ಹಿಂದಿದೆ. ಶಾಲೆಗಳಲ್ಲಿ ಕಸ ಗುಡಿಸುವ, ನೀರು ತರುವ ಕೆಲಸ ಬಡ ಮಕ್ಕಳ, ಕೆಳಗೆ ನೂಕಲ್ಪಟ್ಟ ಜಾತಿಗಳ ಮಕ್ಕಳ ಪಾಲಿಗೇ ಬಂದಿರುವ ನಾಚಿಕೆಗೇಡಿನ ಚರಿತ್ರೆಯೂ ನಮ್ಮ ನಾಡಿಗಿದೆ. ಆದ್ದರಿಂದ ಗಿಡಕ್ಕೆ ನೀರೆರೆಯುವುದು ಎಂದೂ ಶಿಕ್ಷೆಯಾಗಬಾರದು. ತಡವಾಗಿ ಬಂದ ಹುಡುಗನಿಗೆ ಕೊಡ ಕೊಟ್ಟು ಕಳುಹಿಸುವ ಗುರುಗಳು ಅವನಿಗೆ ಗಿಡವನ್ನು ದ್ವೇಷಿಸಲು ಕಲಿಸುತ್ತಾರೆ. ಸರದಿಯಲ್ಲಿ ವೈದ್ಯರ ಮಗಳ ಹೆಸರೂ ಜವಾನರ ಮಗನ ಹೆಸರೂ ಒಂದೇ ಪಟ್ಟಿಯಲ್ಲಿರಬೇಕು, ಮುಖ್ಯೋಪಾಧ್ಯಾಯಿನಿಯವರ ಹೆಸರು ಎಲ್ಲಕ್ಕೂ ಮೊದಲಿರಬೇಕು. ಆಗ ಆ ತಾಯಿಯ ಪ್ರಶ್ನೆಗೆ ಉತ್ತರ ಹೇಳಲು ನಮಗೆ ಮುಖವಿರುತ್ತದೆ. ಮೊದಲ ಮಾನವನನ್ನು ದೇವರು ತೋಟದಲ್ಲಿರಿಸಿದ್ದು ಅದನ್ನು ದುಡಿದು ಕಾಯುವುದಕ್ಕಾಗಿ ಎಂದು ಆದಿಕಾಂಡದ ಎರಡನೆಯ ಅಧ್ಯಾಯ ತಿಳಿಸುತ್ತದೆ. ಆ ಕೆಲಸವನ್ನು ಆದಾಮನು ತನ್ನ ಕೈಕೆಳಗಿನವರಿಗೆ ವಹಿಸಿದನೆಂದು ಎಲ್ಲಿಯೂ ಬರೆದಿಲ್ಲ. (ಕೈಕೆಳಗಿನವರೇ ಆಗ ಇರಲಿಲ್ಲವೆಂದು ನೀವು ನಗಬಹುದು. ಅದೇ ನಮ್ಮ ವಾದ.)

ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳ ಹಿರಿಯರು ಸೆಪ್ಟೆಂಬರ್ 8ರ ತೆನೆಹಬ್ಬವನ್ನು ಬಲ್ಲರು. ಮಾತೆ ಮರಿಯಮ್ಮನವರ ಜನ್ಮೋತ್ಸವಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಬೇಲಿ ಬದುಗಳಲ್ಲಿ ಹೂ ಹುಡುಕಿ ತರುತ್ತಿದ್ದರು. ಯಾವ ಹೂ ಎಲ್ಲಿ ಅರಳುತ್ತದೆ, ಯಾವುದು ಮಧ್ಯಾಹ್ನಕ್ಕೆ ಬಾಡುತ್ತದೆ ಎಂಬುದು ಅವರಿಗೆ ತಾನಾಗಿಯೇ ತಿಳಿಯುತ್ತಿತ್ತು. ಇಂದು ನಮ್ಮ ಧರ್ಮಕೇಂದ್ರದಲ್ಲಿ ಆ ಹೂಗಳನ್ನು ಮಾರುಕಟ್ಟೆಯಿಂದ ತೂಕಕ್ಕೆ ಕೊಳ್ಳುತ್ತೇವೆ, ಪ್ಲಾಸ್ಟಿಕ್ ತಟ್ಟೆಯಲ್ಲಿ ಮಕ್ಕಳ ಕೈಗೆ ಕೊಡುತ್ತೇವೆ. ನಮ್ಮ ನೆರೆಯ ರೈತ ಕುಟುಂಬಗಳು ಸೀಗೆ ಹುಣ್ಣಿಮೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಚರಗ ಚೆಲ್ಲುತ್ತಾರೆ, ಮಕ್ಕಳನ್ನೂ ಕರೆದೊಯ್ಯುತ್ತಾರೆ. ದಸರೆಯಲ್ಲಿ ಬನ್ನಿ ಎಲೆ ಹಂಚುವ ಮಗುವಿಗೆ ಬನ್ನಿ ಮರದ ಗುರುತು ಹೇಳಿಕೊಡಬೇಕಿಲ್ಲ. ನಮ್ಮ ಮಕ್ಕಳಿಗೆ ಗರಿಗಳ ಭಾನುವಾರದ ಗರಿ ಯಾವ ಮರದ್ದೆಂದು ತಿಳಿದಿದೆಯೇ? ಕಳೆದ ಬಾರಿ ಕೇಳಿದಾಗ ಒಬ್ಬಳು "ಸ್ಟೋರ್ ರೂಮಿಂದು ಫಾದರ್" ಎಂದಳು.

ಧರ್ಮಸಭೆಯು ಇತ್ತೀಚೆಗೆ ಈ ದಾರಿ ಹಿಡಿಯಿತೆಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಸಂತ ದ್ವಿತೀಯ ಜಾನ್ ಪಾಲ್‌ರು 1979ರಲ್ಲಿಯೇ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಘೋಷಿಸಿದರು. 1990ರ ಜನವರಿ 1ರ ವಿಶ್ವಶಾಂತಿ ಸಂದೇಶವನ್ನು ಇಡಿಯಾಗಿ ಸೃಷ್ಟಿಯೊಡನೆ ಶಾಂತಿ ಎಂಬ ವಿಷಯಕ್ಕೇ ಮೀಸಲಿಟ್ಟರು. ಜಗದ್ಗುರು ಫ್ರಾನ್ಸಿಸರಂತೂ ಪರಿಸರ ಶಿಕ್ಷಣವು ಮಾಹಿತಿಗೆ ನಿಂತುಬಿಡದೆ ನೀರು ಮಿತವಾಗಿ ಬಳಸುವುದು, ಗಿಡ ನೆಡುವುದು, ಬೇಕಿಲ್ಲದ ದೀಪ ಆರಿಸುವುದು ಮೊದಲಾದ ದಿನನಿತ್ಯದ ರೂಢಿಗಳಿಗೆ ಇಳಿಯಬೇಕೆಂದು ಬರೆದರು. ಆ ವಿಶ್ವಪತ್ರದ ಬಗ್ಗೆ ನಾವು ವಿಚಾರಗೋಷ್ಠಿ ನಡೆಸಿದ್ದೇವೆ. ಗೋಷ್ಠಿಯ ಫ್ಲೆಕ್ಸ್ ಬ್ಯಾನರ್ ಇಂದಿಗೂ ನಮ್ಮ ಗೋದಾಮಿನಲ್ಲಿ ಮಡಿಸಿಟ್ಟಿದೆ. ಮಣ್ಣಿಗೆ ಹಾಕಿದರೂ ಅದು ಮಣ್ಣಾಗುವುದಿಲ್ಲ.

ಆದ ಕಾರಣ ಈ ವರ್ಷ ನಮ್ಮಲ್ಲಿ ಸಣ್ಣದೊಂದು ಬದಲಾವಣೆ ಮಾಡಿಕೊಂಡಿದ್ದೇವೆ. ನೆಡುವ ಸಸಿಗಳ ಸಂಖ್ಯೆಯನ್ನು ತರಗತಿಗೊಂದಕ್ಕೆ ಇಳಿಸಿದ್ದೇವೆ. ಹುಣಸೆ, ನೇರಳೆ, ಬೇವು, ಹೊಂಗೆ, ಅತ್ತಿ ಇವುಗಳಲ್ಲಿ ಯಾವುದೆಂದು ಮಕ್ಕಳೇ ಆರಿಸುತ್ತಾರೆ, ಹಾಗೂ ಆ ಮರದ ಹಣ್ಣು, ನೆರಳು, ಮೇವು ಯಾರಿಗೆ ಆಗುವುದೆಂದು ಮನೆಯ ಹಿರಿಯರನ್ನು ಕೇಳಿ ಬರೆದು ತರುತ್ತಾರೆ. ಅತಿಥಿಗಳಿಗೆ ಜೂನ್ ಐದರ ಬದಲು ಮುಂದಿನ ವರ್ಷ ಶಾಲೆ ತೆರೆಯುವ ದಿನ ಆಹ್ವಾನ ಹೋಗುತ್ತದೆ. ಬದುಕಿದ ಗಿಡದ ಪಕ್ಕದಲ್ಲಿ ನಿಂತು ಅವರು ಚಿತ್ರ ತೆಗೆಸಿಕೊಳ್ಳಬಹುದು.

ಉಳಿದದ್ದು ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ನೀರಿನ ಸರದಿ. ಶಾಲೆಯ ಸಮೀಪದಲ್ಲಿ ವಾಸಿಸುವ ಕುಟುಂಬಗಳು, ಯಾವ ಧರ್ಮದವರಾದರೂ ಸರಿ, ವಾರಕ್ಕೆ ಒಂದು ಸಂಜೆ ಬಿಡುವು ಮಾಡಿಕೊಳ್ಳಬಲ್ಲವರು, ತಮ್ಮ ಹೆಸರನ್ನು ಬರೆಸಬೇಕೆಂದು ಕೋರುತ್ತೇವೆ. ಪಟ್ಟಿಯನ್ನು ದೇವಾಲಯದ ಬಾಗಿಲ ಬಳಿ ಅಂಟಿಸಿದೆ. ಮೊದಲ ವಾರದ ಸೋಮವಾರ ನಮ್ಮ ಪಾಲಿನದು. ಮಂಗಳವಾರದಿಂದ ಮುಂದಿನ ಸಾಲುಗಳು ಸದ್ಯಕ್ಕೆ ಖಾಲಿಯಾಗಿವೆ. ಕೊಡ ಶಾಲೆಯಲ್ಲಿಯೇ ಇದೆ. ಬೀಗದ ಕೈ ಸಿಸ್ಟರುಗಳ ಮಠದಲ್ಲಿ ದೊರೆಯುತ್ತದೆ.